ರೂಸ್ಕಾಳ ಬೂಟ್ ಡಿಸ್ಕು, ಕರ್ನಲ್ಲರ ನಡಾವಳಿ

ರೂಸ್ಕಾ ಗಜೆವಾಗೆ ಜನರ ಮುಖಕ್ಕಿಂತ ಮೊಣಕಾಲುಗಳ ಪರಿಚಯವೇ ಹೆಚ್ಚು. ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಟ್ರಾಮ್ ಬೀದಿಯೊಂದರ ಹದಿನಾಲ್ಕನೇ ನಂಬರಿನ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಅವಳು ಕಂಪ್ಯೂಟರ್ ರಿಪೇರಿ ಶುರುಮಾಡಿ ಏಳು ವರ್ಷವಾಗಿತ್ತು. ಅಂಗಡಿಗೆ ಬೀದಿಯ ಕಡೆ ಬಾಗಿಲಿಲ್ಲ, ಕಾಲುದಾರಿಯ ಮಟ್ಟಕ್ಕೆ ಒಂದು ಕಿಟಕಿ ಮಾತ್ರ. ಬಂದವರು ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ, ಕಿಟಕಿಗೆ ಬಾಯಿಟ್ಟು ಮಾತಾಡಬೇಕು. ಆ ಬೀದಿಯಲ್ಲಿ ಸಿಗರೇಟು, ಬಿಯರು ಮಾರುವ ಅಂಥ ಕಿಟಕಿಗಳು ಇನ್ನೂ ನಾಲ್ಕಿದ್ದವು. ಅವರೆಲ್ಲ ಗಿರಾಕಿಯ ಮೊಣಕಾಲಿಗೆ ಮರುಗಿ ಕೇಳಿದ್ದನ್ನು ಬೇಗ ಬೇಗ ಕೊಟ್ಟು ಕಳಿಸುತ್ತಿದ್ದರು. ರೂಸ್ಕಾ ಮರುಗುತ್ತಿರಲಿಲ್ಲ.

ಅವಳದೊಂದು ಕಟ್ಟಳೆ. ಮೆಷಿನ್ ಯಾರದೋ ಅವರೇ ಬರಬೇಕು, ಕೂರಬೇಕು, ಅದು ಕೆಡುವ ಮುಂಚೆ ತಾವು ಏನು ಮಾಡಿದ್ದೆಂದು ತಮ್ಮ ಬಾಯಲ್ಲೇ ಹೇಳಬೇಕು. ಹೆಂಡತಿಯನ್ನೋ ಕಚೇರಿಯ ಜವಾನನನ್ನೋ ಕಳಿಸಿದರೆ ಮೆಷಿನ್ ಬಂದ ದಾರಿಯಲ್ಲೇ ವಾಪಸು. "ನಾನೇನೂ ಮಾಡ್ಲಿಲ್ಲ, ತಾನಾಗೇ ಆಯ್ತು" ಎನ್ನುವವರು ಹತ್ತರಲ್ಲಿ ಒಂಬತ್ತು ಮಂದಿ. ಅವರನ್ನು ರೂಸ್ಕಾ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದಳು. ಎರಡು ನಿಮಿಷ ಕುಕ್ಕರಗಾಲಲ್ಲಿ ಕೂತು ತೊಡೆ ನಡುಗಲು ಶುರುವಾದಾಗ ಎಂಥ ಘನವಂತನ ಬಾಯಿಂದಲೂ ನಿಜ ಹೊರಬೀಳುತ್ತಿತ್ತು.

ಅವಳಿಗೆ ಐವತ್ತಾರು ವರ್ಷ. ಅದರಲ್ಲಿ ಹದಿನೆಂಟನ್ನು ಊರ ಹೊರಗಿನ ಕಾರ್ಖಾನೆಯೊಂದರಲ್ಲಿ ಡಿಸ್ಕ್ ಡ್ರೈವುಗಳನ್ನು ಪರೀಕ್ಷೆ ಮಾಡುತ್ತಾ ಕಳೆದಿದ್ದಳು. ಒಂದು ಸಾವಿರ ಡ್ರೈವು ಮಾಡಿದರೆ ಮುನ್ನೂರನ್ನು ಇವಳು ತಿಪ್ಪೆಗೆ ಎಸೆಯುತ್ತಾಳೆಂದು ಮೇಲಿನವರಿಗೆ ಇವಳನ್ನು ಕಂಡರಾಗದು. ಕಾರ್ಖಾನೆ ಮುಚ್ಚಿದಾಗ ಮೊದಲ ದಿನವೇ ಮನೆಗೆ ಕಳಿಸಿದರು. ಗಂಡ ಅದಕ್ಕೂ ಮೊದಲೇ ಬಿಟ್ಟು ಹೋಗಿದ್ದ. ಅವನ ಮಾತು ಬಂದರೆ "ಅದೂ ಆ ಮುನ್ನೂರರಲ್ಲಿ ಒಂದು" ಎಂದು ಮುಗಿಸಿಬಿಡುತ್ತಿದ್ದಳು. ಅವಳ ಹತ್ತಿರ ಉಳಿದದ್ದು ಐದನೇ ಮಹಡಿಯ ಒಂದೂವರೆ ಕೋಣೆ, ಮತ್ತು ಅದೇ ಕಟ್ಟಡದ ನಿವಾಸಿಗಳು ಸಭೆ ಸೇರಿ ಅವಳ ಕೆಲಸಕ್ಕೆಂದು ಬಿಟ್ಟುಕೊಟ್ಟ ನೆಲಮಾಳಿಗೆಯ ಈ ಮೂಲೆ. ಮೂಲೆ ಎಲ್ಲರ ಸೊತ್ತು. ಕೊಟ್ಟ ಸಭೆಯೇ ಬೇಕಾದರೆ ಕಿತ್ತುಕೊಳ್ಳಬಹುದು.

ಎದುರಿಗೆ ಹೊಸದಾಗಿ ಗಾಜಿನ ಅಂಗಡಿಯೊಂದು ಬಂದಿತ್ತು. ಅಲ್ಲಿ ಕೂರಲು ಕುರ್ಚಿ, ಕುಡಿಯಲು ಕಾಫಿ, ಎಲ್ಲ ರೋಗಕ್ಕೂ ಒಂದೇ ಮದ್ದು: ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಹಲ್ಲುನೋವೆಂದು ಬಂದವನ ತಲೆಯನ್ನೇ ತೆಗೆದು ಬೇರೆ ತಲೆ ಕೂರಿಸುವ ವೈದ್ಯರು ಅವರು. ಹಾಗೆ ತಲೆ ಕಳೆದುಕೊಂಡವರು ಆಮೇಲೆ ರೂಸ್ಕಾಳ ಕಿಟಕಿಗೆ ಬಂದು ಅಳುತ್ತಿದ್ದರು. "ಕಾಫಿ ಕುಡಿದ್ರಲ್ಲ, ಚೆನ್ನಾಗಿತ್ತಾ?" ಎಂದು ಕೇಳಿ ಇವಳು ಕಿಟಕಿ ಎಳೆದುಕೊಳ್ಳುತ್ತಿದ್ದಳು.

ಅವಳ ಹೆಮ್ಮೆಯೆಲ್ಲ ಒಂದು ಫ್ಲಾಪಿಯಲ್ಲಿತ್ತು, ಅದೇ ಅವಳ ಬೂಟ್ ಡಿಸ್ಕು. ಕೆಟ್ಟ ಮೆಷಿನ್ನಿಗೆ ಅದನ್ನು ಹಾಕಿ ಗುಂಡಿ ಒತ್ತಿದರೆ ಒಳಗಿನ ವಿಂಡೋಸಿನ ಹಂಗಿಲ್ಲದೆ ಮೆಷಿನ್ ಏಳುತ್ತಿತ್ತು. ಎಬ್ಬಿಸುವ ಮೂರು ಫೈಲು, ಹಾರ್ಡ್ ಡಿಸ್ಕನ್ನು ತಡಕುವುದೊಂದು, ಸಿಕ್ಕಿದ್ದನ್ನು ನಕಲು ಮಾಡುವುದೊಂದು, ಮತ್ತು ರೂಸ್ಕಾಳೇ ಬರೆದ ಪುಟ್ಟ ಪ್ರೋಗ್ರಾಮೊಂದು. ಬೇರೆಯವರ ಬೂಟ್ ಡಿಸ್ಕಿನಲ್ಲಿ ಬಲ್ಗೇರಿಯನ್ ಹೆಸರಿನ ಫೈಲುಗಳು ಕಾಗೆ ಕಾಲು ಗುಬ್ಬಿ ಕಾಲಿನಂತೆ ಕಾಣುತ್ತಿದ್ದವು. ಇವಳದರಲ್ಲಿ ಮುದ್ದಾದ ಬಲ್ಗೇರಿಯನ್ ಅಕ್ಷರಗಳಾಗಿಯೇ ಕಾಣುತ್ತಿದ್ದವು. ಫ್ಲಾಪಿಯನ್ನು ಅವಳು ಎಂದೂ ನಂಬಿದವಳಲ್ಲ. ತಿಂಗಳ ಮೊದಲ ಸೋಮವಾರ ಹಳೆಯದನ್ನು ಕತ್ತರಿಸಿ ಬಿಸಾಡಿ ಹೊಸದು ಮಾಡುತ್ತಿದ್ದಳು. ಹತ್ತರ ಡಬ್ಬಿ ಒಡೆದರೆ ಒಂದೊಂದನ್ನೂ ಮೂರು ಸಲ ಪರೀಕ್ಷಿಸಿ ನಾಲ್ಕನ್ನು ಕಸಕ್ಕೆ ಹಾಕುವಳು. ಪ್ಯಾಂಟಿನ ಜೇಬಿನಲ್ಲಿ ಟ್ರಾಮ್ ಟಿಕೆಟ್ಟಿನ ಜೊತೆ ಫ್ಲಾಪಿ ಇಟ್ಟುಕೊಂಡು ಓಡಾಡುವ ರಿಪೇರಿಯವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಫೈಲುಗಳನ್ನು ತನ್ನ ಮೆಷಿನ್ನಿಗೆ ಇಳಿಸಿಕೊಂಡ ಮೇಲೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಕಟ್ಟಕಡೆಗೆ ಬರೆದ ಫೈಲು ಯಾವುದೋ ಅದನ್ನು ತೆರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವಳು. ಡಿಸ್ಕು ಸಾಯುವಾಗ ಮೊದಲು ಹಾಳಾಗುವುದೇ ಅದು. ಅದು ನೆಟ್ಟಗಿದ್ದರೆ ಉಳಿದದ್ದೂ ನೆಟ್ಟಗಿರುತ್ತದೆ ಎಂಬುದು ಅವಳ ಲೆಕ್ಕ. ಇದರಿಂದಾಗಿ ಹದಿನಾಲ್ಕನೇ ನಂಬರಿನ ಹದಿನೆಂಟು ಮನೆಗಳ ಹೂರಣ ಅವಳಿಗೆ ಗೊತ್ತಿತ್ತು. ಎರಡನೇ ಮಹಡಿಯ ದಂತವೈದ್ಯ ಕಾಲ್ಚೆವ್ ವರ್ನಾ ಊರಿನ ಹೆಂಗಸೊಬ್ಬಳಿಗೆ ಬರೆಯುತ್ತಿದ್ದ ಪತ್ರಗಳು ಗೊತ್ತಿದ್ದವು. ಮೂರನೇ ಮಹಡಿಯ ಸ್ಪಾಸ್ಕಾ, ಭೂಗೋಳ ಪಾಠ ಹೇಳಿ ನಿವೃತ್ತಳಾದ ಮರ್ಯಾದಸ್ಥೆ, ಅಕ್ಕಪಕ್ಕದವರ ಮೇಲೆಲ್ಲ ಹೆಸರಿಲ್ಲದ ದೂರು ಬರೆದು ಪುರಸಭೆಗೆ ಕಳಿಸುತ್ತಿದ್ದುದೂ ಗೊತ್ತಿತ್ತು. ಒಂದು ದೂರು ರೂಸ್ಕಾಳ ಮೇಲೆಯೇ ಇತ್ತು. ಅದನ್ನೂ ಅವಳು ಓದಿ, ಸರಿಯಾಗಿ ಉಳಿದಿದೆಯೆಂದು ಖಾತ್ರಿ ಮಾಡಿಕೊಂಡು, ವಾಪಸು ಕೊಟ್ಟಿದ್ದಳು. ಏಳು ವರ್ಷದಲ್ಲಿ ಯಾರದೊಂದು ಅಕ್ಷರವೂ ಆ ನೆಲಮಾಳಿಗೆ ಬಿಟ್ಟು ಮೆಟ್ಟಿಲು ಹತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಅಕ್ಟೋಬರಿನ ಒಂದು ಮಂಗಳವಾರ ಕಿಟಕಿಯ ಹೊರಗೆ ಪಳಪಳ ಹೊಳೆಯುವ ಕಪ್ಪು ಶೂ ಬಂದು ನಿಂತವು. ಅವು ಕಟ್ಟಡದ ಮೇಲ್ವಿಚಾರಕರಾದ ಕರ್ನಲ್ ಹರಲಂಪಿಯವರವು. ಸೈನ್ಯದ ಉಗ್ರಾಣದಲ್ಲಿ ಮೂವತ್ತು ವರ್ಷ ಕಂಬಳಿ ಎಣಿಸಿ ಕರ್ನಲ್ ಆದವರು. ಈಗ ಮೆಟ್ಟಿಲಿನ ಬಲ್ಬು, ಲಿಫ್ಟಿನ ಕನ್ನಡಿ ಎಣಿಸುತ್ತಿದ್ದರು. ಬೆಳಿಗ್ಗೆ ಕಸ ಗುಡಿಸುವವಳ ಕೈಲಿ ಮೆಷಿನ್ ಕಳಿಸಿದ್ದರು. ರೂಸ್ಕಾ ವಾಪಸು ಕಳಿಸಿದ್ದಳು.

"ರೂಸ್ಕಾ ಅವ್ರೇ, ಮೆಷಿನ್ ತಂದಿದೀನಿ," ಎಂದು ಶೂಗಳು ಮೇಲಿನಿಂದ ಹೇಳಿದವು.

"ಯಾರೋ ಮಾತಾಡ್ತಿರೋ ಹಾಗಿದೆ, ಮುಖ ಕಾಣ್ತಿಲ್ಲ."

"ನನ್ನ ಮೊಣಕಾಲು ಸರಿ ಇಲ್ಲ ಕಣ್ರೀ."

"ನಿಮ್ ಮೊಣಕಾಲು ಸರಿಯಿಲ್ಲ, ನಿಮ್ ಮೆಷಿನ್ ಸರಿಯಿಲ್ಲ. ನಾನು ಒಂದನ್ನೇ ರಿಪೇರಿ ಮಾಡೋದು ಕರ್ನಲ್ ಸಾಹೇಬ್ರೇ. ಕೂತ್ಕೊಳಿ."

ಟಕ್, ಟಕ್ ಎಂದು ಎರಡು ಸದ್ದಾಯಿತು. ಕರ್ನಲ್ಲರ ಕೆಂಪು ಮುಖ ಮೊದಲ ಬಾರಿಗೆ ಕಿಟಕಿಯ ಮಟ್ಟಕ್ಕೆ ಇಳಿಯಿತು.

"ಏನ್ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ."

ರೂಸ್ಕಾ ಕಾಗದದಲ್ಲಿ ಸುತ್ತಿಟ್ಟಿದ್ದ ಬನಿತ್ಸಾ ಎಂಬ ಚೀಸಿನ ತಿಂಡಿ ಬಿಚ್ಚಿ ತಿನ್ನತೊಡಗಿದಳು. ಅರ್ಧ ತಿಂದು ಮುಗಿಸುವಷ್ಟರಲ್ಲಿ ಕರ್ನಲ್ಲರ ತೊಡೆ ನಡುಗಲು ಶುರುವಾಯಿತು.

"ಸ್ವಲ್ಪ ಕ್ಲೀನ್ ಮಾಡ್ದೆ, ಅಷ್ಟೇ."

"ಬಟ್ಟೆ ತಗೊಂಡು ಒರೆಸಿದ್ರಾ?"

"ಇಲ್ಲ, ಒಳಗೆ. ಒಂದು ಡಬ್ಬದಲ್ಲಿ ನನಗೆ ಗೊತ್ತಿಲ್ದೇ ಇರೋ ಫೈಲುಗಳು ಸಾವಿರಾರು ಇದ್ವು. ಒಂದಕ್ಕೂ ನಮ್ ಹೆಸರಿಲ್ಲ, ಎಲ್ಲ ಪರದೇಶದ್ದು. ಇವೆಲ್ಲ ಯಾರು, ಯಾರ ಅಪ್ಪಣೆ ಮೇಲೆ ಬಂದು ಕೂತಿದಾವೆ ಅಂತ ತೆಗೆದುಹಾಕ್ದೆ."

"ಎಷ್ಟು?"

"ಅದು ಬೇಡ ಬೇಡ ಅಂತಾನೇ ಇತ್ತು. ನಾನು ಬಿಡ್ಲಿಲ್ಲ."

ಮನೆಯ ಕಂಬಗಳು ದಾರಿಗಡ್ಡವೆಂದು ಕಡಿದು ಹಾಕಿ, ಸೂರು ಏಕೆ ಬಿತ್ತು ಎಂದು ಕೇಳುವ ಮನುಷ್ಯನನ್ನು ನೋಡಿದಂತೆ ರೂಸ್ಕಾ ಅವರನ್ನು ನೋಡಿದಳು. ಗಾಜಿನಂಗಡಿಯವರು ಎಲ್ಲ ಅಳಿಸಬೇಕೆಂದರಂತೆ. ಆದರೆ ಕಟ್ಟಡದ ಏಳು ವರ್ಷದ ಕಾಗದಪತ್ರವೆಲ್ಲ ಒಳಗಿತ್ತು, ಶುಕ್ರವಾರ ನಿವಾಸಿಗಳ ಸಭೆ ಬೇರೆ ಇತ್ತು. "ಏನಾದ್ರೂ ಮಾಡಿ ರೂಸ್ಕಾ ಅವ್ರೇ" ಎಂದು ಕರ್ನಲ್ಲರು ಹಲ್ಲು ಗಿಂಜಿದರು. ಅವಳು ಮೆಷಿನ್ ಒಳಗೆಳೆದುಕೊಂಡಳು. ಕರ್ನಲ್ಲರು ಏಳಲು ಆಗದೆ ಗೋಡೆ ಹಿಡಿದುಕೊಂಡರು. ಅವಳು ಅದನ್ನು ಮನಸಾರೆ ನೋಡಿದಳು.

ಫ್ಲಾಪಿ ಹಾಕಿದಳು. ಮೆಷಿನ್ ಎದ್ದಿತು. ಕರ್ನಲ್ಲರು ಕಡಿದದ್ದು ವಿಂಡೋಸನ್ನು ಮಾತ್ರ, ಸ್ವಂತ ಫೈಲುಗಳೆಲ್ಲ ಕ್ಷೇಮವಾಗಿದ್ದವು. ಎಲ್ಲವನ್ನೂ ನಕಲು ಮಾಡಿಕೊಂಡು, ಹೋದದ್ದನ್ನು ಮತ್ತೆ ತುಂಬಿ, ಪದ್ಧತಿಯಂತೆ ಕಟ್ಟಕಡೆಯ ಫೈಲು ತೆರೆದಳು. ಅದು ಶುಕ್ರವಾರದ ಸಭೆಯ ನಡಾವಳಿ. ಅಂದು ಇನ್ನೂ ಮಂಗಳವಾರ.

"ಸಭೆಗೆ ಹದಿನೆಂಟು ಮನೆಯವರು ಹಾಜರಿದ್ದರು," ಎಂದು ಅದರಲ್ಲಿತ್ತು. "ಶ್ರೀಮತಿ ಸ್ಪಾಸ್ಕಾ ಅವರು ನೆಲಮಾಳಿಗೆಯ ಕಿಟಕಿಯಿಂದ ಇಲಿಗಳು ಬರುತ್ತಿವೆಯೆಂದು ದೂರಿದರು. ಡಾಕ್ಟರ್ ಕಾಲ್ಚೆವ್ ಅವರು ಸದರಿ ಜಾಗವನ್ನು ನಿವಾಸಿಗಳ ಚಳಿಗಾಲದ ಹುಳಿ ಎಲೆಕೋಸಿನ ಪೀಪಾಯಿಗಳಿಗೆ ಬಿಟ್ಟುಕೊಡಬೇಕೆಂದು ಸೂಚಿಸಿದರು. ಶ್ರೀಮತಿ ರೂಸ್ಕಾ ಗಜೆವಾ ಅವರು ಎದ್ದು ನಿಂತು, ಸ್ವಂತ ಇಚ್ಛೆಯಿಂದ ಜಾಗ ತೆರವು ಮಾಡುವುದಾಗಿ ತಿಳಿಸಿದರು. ಚಪ್ಪಾಳೆ. ಒಮ್ಮತದಿಂದ ಅಂಗೀಕಾರ."

ರೂಸ್ಕಾ ಎರಡು ಸಲ ಓದಿದಳು. ಎರಡನೇ ಸಲ ಚಪ್ಪಾಳೆಯ ಹತ್ತಿರ ಬಂದಾಗ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಈ ಕಿಟಕಿ ಹೋದರೆ ಅವಳು ಹೋಗಿ ಕೂರುವ ಜಾಗ ಈ ಊರಿನಲ್ಲಿ ಇನ್ನೊಂದಿರಲಿಲ್ಲ. ಮೊದಲು ನಡಾವಳಿ ಬರೆದು ಆಮೇಲೆ ಸಭೆ ಸೇರುವುದು ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಿಂದ ಬಂದ ಅಭ್ಯಾಸ, ಅದರಲ್ಲಿ ಮೋಸವಿದೆಯೆಂದು ಕರ್ನಲ್ಲರಿಗೆ ಕನಸಿನಲ್ಲಿಯೂ ಹೊಳೆದಿರಲಾರದು. ಜನರೂ ಅಷ್ಟೇ. ಮೆಟ್ಟಿಲ ಮೇಲೆ ನಿಂತು, ಕೈಚೀಲ ಕೆಳಗಿಡದೆ, ಓದದೆ ಸಹಿ ಹಾಕಿ ಹೋಗುತ್ತಿದ್ದರು. ಅವಳಿಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಹದಿನೆಂಟು ವರ್ಷದ ಕಾರ್ಖಾನೆಯ ಅನುಭವ, ಏಳು ವರ್ಷದ ಹೆಸರು, ಕೊನೆಗೆ ಎಲ್ಲವನ್ನೂ ತಳ್ಳಿ ಅಲ್ಲಿ ಕೂರುವುದು ಹುಳಿ ಎಲೆಕೋಸು!

ಆದರೂ ಓದಿದ್ದನ್ನು ಹೊರಗೆ ಬಿಡದ ತನ್ನ ಕಟ್ಟಳೆಯನ್ನು ಅವಳು ಆಗ ಮುರಿಯಲಿಲ್ಲ. ಬುಧವಾರ ಬೆಳಿಗ್ಗೆ ಕರ್ನಲ್ಲರು ಮತ್ತೆ ಟಕ್ ಟಕ್ ಎಂದು ಕೂತು ಮೆಷಿನ್ ತೆಗೆದುಕೊಂಡರು. ಒಂದು ಅಕ್ಷರವೂ ಕಳೆದಿಲ್ಲವೆಂದಾಗ ಅವರ ಕಣ್ಣಲ್ಲಿ ನೀರು ಬಂತು.

"ನಿಮ್ಮಂಥೋರು ಈ ಕಟ್ಟಡದಲ್ಲಿರೋದು ನಮ್ ಪುಣ್ಯ ರೂಸ್ಕಾ ಅವ್ರೇ."

"ಶುಕ್ರವಾರದ ಸಭೇಲಿ ಏನ್ ವಿಷಯ?" ರೂಸ್ಕಾ ಕೇಳಿದಳು. ಅವರಿಗೆ ಒಂದು ಅವಕಾಶ ಕೊಡೋಣವೆಂದೇ ಕೇಳಿದಳು.

"ಅಯ್ಯೋ, ಏನಿಲ್ಲ. ಬಲ್ಬು, ಲಿಫ್ಟು. ನೀವು ಬರ್ದಿದ್ರೂ ನಡೆಯುತ್ತೆ, ಸಹಿ ನಾನೇ ಕೆಳಗೆ ಬಂದು ತಗೋತೀನಿ."

ಆ ಮಾತು ಕೇಳಿದ್ದೇ ತಡ, ಅವಳ ತಲೆಗೆ ಪಿತ್ತ ಏರಿತು. ತನ್ನ ಮೆಷಿನ್ನಿನಲ್ಲಿದ್ದ ನಕಲು ತೆರೆದಳು. ಮುದ್ರಿಸುವ ಮುಂಚೆ ಒಂದು ಯೋಚನೆ ಬಂತು. ಕಿಟಕಿಯ ಪಕ್ಕದಲ್ಲೇ ಇದ್ದ ಕಟ್ಟಡದ ಮುಂಬಾಗಿಲಿಗೆ ಕರ್ನಲ್ಲರು ಅಂಟಿಸುವ ಸೂಚನೆಗಳನ್ನು ಯಾವ ಪ್ರಾಣಿಯೂ ಓದುತ್ತಿರಲಿಲ್ಲ. ಅದೇ ಬಾಗಿಲಿಗೆ ಅಲ್ಲಿಯ ರೂಢಿಯಂತೆ ಕಪ್ಪಂಚಿನ, ಶಿಲುಬೆಯ ಗುರುತಿನ ಸತ್ತವರ ಚೀಟಿ ಅಂಟಿಸಿದರೆ, ಸತ್ತು ನಲವತ್ತು ದಿನವಾಗಿರಲಿ, ಹತ್ತು ವರ್ಷವಾಗಿರಲಿ, ಹೊರಟ ಟ್ರಾಮನ್ನೂ ಬಿಟ್ಟು ನಿಂತು ಪೂರ್ತಿ ಓದುತ್ತಿದ್ದರು. ರೂಸ್ಕಾ ನಡಾವಳಿಯ ಸುತ್ತ ದಪ್ಪನೆಯ ಕಪ್ಪು ಅಂಚು ಹಾಕಿದಳು. ಮೇಲೆ ಒಂದು ಶಿಲುಬೆಯನ್ನೂ ಇಟ್ಟಳು. ಮಧ್ಯಾಹ್ನ ಹೋಗಿ ಬಾಗಿಲಿಗೆ ಅಂಟಿಸಿ ಬಂದು, ಕಿಟಕಿ ಅಷ್ಟಗಲ ತೆರೆದು ಕೂತಳು.

ಮೊದಲು ಬಂದವಳು ಸ್ಪಾಸ್ಕಾ. ಅವಳ ಕಂದು ಬಣ್ಣದ ಶೂ ಬಾಗಿಲ ಬಳಿ ನಿಂತವು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು "ಅಯ್ಯೋ ದೇವ್ರೇ, ಈಗ ಯಾರು?" ಎಂದಳು. ಕಾಗದವನ್ನು ಪೂರ್ತಿ ಓದಿದಳು. ಆಮೇಲೆ ಎಲ್ಲ ಮಹಡಿಗೂ ಕೇಳುವಂತೆ ಕಿರುಚಿದಳು.

"ನಾನ್ಯಾವಾಗ ಇಲಿ ಅಂದೆ? ಶುಕ್ರವಾರ ನಾನು ಏನ್ ಮಾತಾಡ್ಬೇಕು ಅನ್ನೋದನ್ನ ಇವ್ನ್ಯಾರು ಹೇಳೋಕೆ? ಹರಲಂಪೀ! ಇಳಿದು ಬಾ ಕೆಳಗೆ!"

ಅರ್ಧ ಗಂಟೆಯಲ್ಲಿ ಬಾಗಿಲ ಬಳಿ ಒಂಬತ್ತು ಜೋಡಿ ಕಾಲುಗಳು ಸೇರಿದವು. ಕರ್ನಲ್ಲರಿಗೆ ಎಲ್ಲರೂ ಸೇರಿ ಮಂಗಳಾರತಿ ಎತ್ತಿದರು. "ನಮ್ಮನ್ನೇನು ನಿನ್ನ ಉಗ್ರಾಣದ ಕಂಬಳಿ ಅಂದ್ಕೊಂಡಿದೀಯಾ?" ಎಂದು ಯಾರೋ ಕೇಳಿದರು. ಕೆಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ರೂಸ್ಕಾಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷದಲ್ಲಿ ಈ ಜನರ ಬಗ್ಗೆ ಒಂದು ಒಳ್ಳೆಯ ಮಾತು ಅವಳ ಬಾಯಿಗೆ ಬಂದಿರಲಿಲ್ಲ, ಅಂದು ಬರುವುದರಲ್ಲಿತ್ತು.

ಅಷ್ಟರಲ್ಲಿ ದಂತವೈದ್ಯ ಕಾಲ್ಚೆವ್ ಮೆಲ್ಲಗೆ ಕೇಳಿದ, "ಅದೆಲ್ಲ ಸರಿ. ಇದು ಹೊರಗೆ ಬಂದದ್ದು ಹೇಗೆ?"

"ರೂಸ್ಕಾ ಅವ್ರು ರಿಪೇರಿ ಮಾಡಿದ್ರು," ಎಂದರು ಕರ್ನಲ್ಲರು. ಪಾಪ, ಅವರಿಗೂ ಆಗಲೇ ಹೊಳೆದದ್ದು.

ಒಂಬತ್ತು ಜೋಡಿ ಕಾಲುಗಳೂ ಕಿಟಕಿಯ ಕಡೆ ತಿರುಗಿದವು. ಒಬ್ಬೊಬ್ಬರೂ ತಮ್ಮ ತಮ್ಮ ಮೆಷಿನ್ ಯಾವ ವರ್ಷ, ಯಾವ ತಿಂಗಳು ಆ ಕಿಟಕಿಯೊಳಗೆ ಹೋಗಿತ್ತೆಂದು ನೆನೆಸಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಸರಸರ ಮೆಟ್ಟಿಲು ಹತ್ತಿದರು, ಲಿಫ್ಟಿಗೂ ಕಾಯಲಿಲ್ಲ.

ಗುರುವಾರ ಕಿಟಕಿಯಲ್ಲಿ ಮೊದಲು ಕಂಡ ಮುಖ ಕಾಲ್ಚೆವ್‌ನದು. ಕರೆಯದೆ, ಕೂರು ಎನ್ನದೆ, ತಾನೇ ಕುಕ್ಕರಗಾಲಲ್ಲಿ ಕೂತ.

"ರೂಸ್ಕಕ್ಕ, ನನ್ನ ಮೆಷಿನ್‌ದು ಏನಾದ್ರೂ ನಿಮ್ಮ ಹತ್ರ ಉಳಿದಿದ್ಯಾ?"

"ಮೂರು ವರ್ಷದ ಹಿಂದಿನದಾ? ಅಂದೇ ಅಳಿಸ್ದೆ."

"ಅಲ್ಲ, ಅಂದ್ರೆ… ನೀವು ಓದ್ತೀರಾ?"

"ಒಂದು ಫೈಲು ಓದ್ತೀನಿ. ಸರಿಯಿದ್ಯಾ ಅಂತ ನೋಡೋಕೆ."

"ಯಾವ ಫೈಲು?"

ರೂಸ್ಕಾ ಅವನ ಮುಖವನ್ನೇ ನೋಡಿದಳು. ಅವಳು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಇನ್ನೊಬ್ಬರ ಬಾಯಿಂದ ನಿಜ ಹೊರಡಿಸುವುದನ್ನೇ ಕಸುಬು ಮಾಡಿಕೊಂಡವಳಿಗೆ ತಾನು ಸುಳ್ಳು ಹೇಳುವುದು ಒಗ್ಗಿರಲಿಲ್ಲ. ಕಾಲ್ಚೆವ್‌ನ ಕಿವಿ ಕೆಂಪಾಯಿತು. ಎದ್ದು ಹೋದ.

ಅಂದು ಹನ್ನೊಂದು ಜನ ಬಂದು ಕೂತರು. ರಿಪೇರಿಗೆ ಕೊಟ್ಟಿದ್ದ ಎರಡು ಮೆಷಿನ್ನುಗಳನ್ನು ಕೆಟ್ಟದ್ದು ಕೆಟ್ಟಂತೆಯೇ ವಾಪಸು ಒಯ್ದರು. ಸ್ಪಾಸ್ಕಾ ಮಾತ್ರ ಕೂರಲಿಲ್ಲ. ನಿಂತಲ್ಲಿಂದಲೇ, "ನೋಡೇ ರೂಸ್ಕಾ, ನನ್ನದೇನೂ ಇಲ್ಲ, ನಾನು ಹೆದರೋಳಲ್ಲ" ಎಂದು ಎರಡು ಸಲ ಹೇಳಿದಳು. ಎರಡನೇ ಸಲ ಹೇಳುವಾಗ ಅವಳ ಶೂಗಳು ಆಗಲೇ ಮನೆಯ ಕಡೆ ತಿರುಗಿದ್ದವು.

ಶುಕ್ರವಾರ ಸಂಜೆ ಆರಕ್ಕೆ ಮೊದಲ ಮಹಡಿಯ ಮೆಟ್ಟಿಲ ಬಳಿ ಸಭೆ ಸೇರಿತು. ಹದಿನೆಂಟು ಮನೆಯವರೂ ಹಾಜರಿದ್ದರು. ಹಿಂದೆಂದೂ ಅಷ್ಟು ಜನ ಸೇರಿರಲಿಲ್ಲ. ಕೆಲವರು ಮನೆಯಿಂದ ಸ್ಟೂಲು ತಂದಿದ್ದರು. ಕರ್ನಲ್ಲರು ಬಿಳಿಚಿಕೊಂಡಿದ್ದರು. ಕೈಯಲ್ಲಿ ಅದೇ ನಡಾವಳಿಯಿತ್ತು.

"ತಪ್ಪಾಯ್ತು. ಇದನ್ನ ಹರಿದು ಹಾಕಿ ಹೊಸದಾಗಿ ಬರೀತೀನಿ," ಎಂದರು.

"ಯಾಕೆ ಸುಮ್ನೆ? ಕಾಗದ ದಂಡ," ಎಂದ ಕಾಲ್ಚೆವ್. "ಜಾಗ ಎಲ್ಲರದ್ದು. ಎಲೆಕೋಸಿನ ಪೀಪಾಯಿ ಎಲ್ಲರ ಮನೇಲೂ ಇದೆ. ಅಲ್ಲಿಡೋಣ ಅನ್ನೋದು ನನ್ನ ಸೂಚನೆ."

"ಇಲಿ ಬೇರೆ ಬರುತ್ತೆ ಆ ಕಿಟಕೀಲಿ," ಎಂದಳು ಸ್ಪಾಸ್ಕಾ. ಬುಧವಾರ ಇಡೀ ಕಟ್ಟಡ ನಡುಗುವಂತೆ ಕಿರುಚಿದ್ದು ಇದೇ ಗಂಟಲು. "ನಾನೇ ಕಣ್ಣಾರೆ ನೋಡಿದೀನಿ. ಇಷ್ಟುದ್ದ ಇತ್ತು."

ಕೈಗಳು ಮೇಲೆದ್ದವು. ಹದಿನೇಳು ಕೈ. ಎಲ್ಲರೂ ರೂಸ್ಕಾಳ ಕಡೆ ತಿರುಗಿದರು.

ಕೆಳಗಿನಿಂದ ತುಂಡು ತುಂಡಾಗಿ ಕಂಡಿದ್ದ ಆ ಜನರನ್ನು ಅವಳು ಮೊದಲ ಬಾರಿಗೆ ಕಾಲಿಂದ ತಲೆಯವರೆಗೆ ಒಟ್ಟಿಗೇ ನೋಡಿದಳು. ಬಾಯಿ ತೆರೆದರೆ ಸಾಕಿತ್ತು. ವರ್ನಾ ಎಂದರೆ ಕಾಲ್ಚೆವ್‌ನ ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಕೇಳುತ್ತಿದ್ದಳು. ಪುರಸಭೆ ಎಂದರೆ ಸ್ಪಾಸ್ಕಾ ನಾಳೆಯಿಂದ ಮೆಟ್ಟಿಲು ಇಳಿಯುವಂತಿರಲಿಲ್ಲ. ಎರಡೇ ಮಾತು, ಕಿಟಕಿ ಅವಳದಾಗುತ್ತಿತ್ತು. ಆಮೇಲೆ ಅವರೆಲ್ಲ ದಿನವೂ ಬಂದು ಅವಳ ಮುಂದೆ ಕೂರುತ್ತಿದ್ದರು, ಮೆಷಿನ್ ಕೆಡದಿದ್ದರೂ.

ಅವಳು ಎದ್ದು ನಿಂತಳು. ಕಾಲ್ಚೆವ್ ಹೆಂಡತಿಯಿಂದ ಒಂದು ಹೆಜ್ಜೆ ಸರಿದು ನಿಂತ.

"ಹೆದರ್ಬೇಡಿ," ಎಂದಳು. "ನಿಮ್ಮ ಬಗ್ಗೆ ಬಾಯಿಬಿಡೋಷ್ಟು ದೊಡ್ಡ ಮನುಷ್ಯರಲ್ಲ ನೀವು. ಇಡ್ಕೊಳಿ ನಿಮ್ ಎಲೆಕೋಸು. ಜಾಗ ನಾನೇ ಬಿಡ್ತಿದೀನಿ, ಯಾರೂ ಬಿಡಿಸ್ತಿಲ್ಲ."

ಮೊದಲು ಸ್ಪಾಸ್ಕಾ, ನಿರಾಳವಾದವಳಂತೆ, ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ಕರ್ನಲ್ಲರು ತಲೆ ತಗ್ಗಿಸಿ ಕಾಗದ ಮುಂದೆ ಹಿಡಿದರು. ಮೆಟ್ಟಿಲಿನ ಮಂಕು ಬೆಳಕಿನಲ್ಲಿ ರೂಸ್ಕಾ ಅದನ್ನು ತನ್ನ ಪದ್ಧತಿಯಂತೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಹಾಜರಿ, ಇಲಿ, ಪೀಪಾಯಿ, ತಾನು ಎದ್ದು ನಿಂತದ್ದು, ಸ್ವಂತ ಇಚ್ಛೆ, ಚಪ್ಪಾಳೆ. ತಿದ್ದಬೇಕಾದ ಒಂದು ಅಕ್ಷರವೂ ಇರಲಿಲ್ಲ. ಮಂಗಳವಾರ ಇದೆಲ್ಲ ಹಸಿ ಸುಳ್ಳಾಗಿತ್ತು. ಇದನ್ನು ನಿಜ ಮಾಡುವ ಶಕ್ತಿ ಆ ಪೆದ್ದ ಕರ್ನಲ್ಲನಿಗಿರಲಿಲ್ಲ. ಕಪ್ಪಂಚು ಕಟ್ಟಿ, ಬಾಗಿಲಿಗೆ ಅಂಟಿಸಿ, ನಿಜ ಮಾಡಿಕೊಟ್ಟವಳು ತಾನು. ರೂಸ್ಕಾ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.